ಸದ್ದಿಲ್ಲದ ನಾಡು ಲಾವೋಸ್

ಆಗ್ನೇಯ ಏಷ್ಯದ ಕಡೆ ಪ್ರವಾಸ ಹೋಗಿಬರುವ ನಮ್ಮವರ ಸಂಖ್ಯೆ ಈಚೆಗೆ ಬಹಳ ಬೆಳೆದಿದೆ. ಬ್ಯಾಂಕಾಕಿನ ಅಂಗಡಿಬೀದಿ, ಸಿಂಗಪುರದ ದೀಪಾಲಂಕಾರ, ಬಾಲಿಯ ಕಡಲ ಕರೆ – ಇವುಗಳ ವರ್ಣನೆ ಕೇಳದ ಮನೆ ನಮ್ಮಲ್ಲಿ ಇರಲಾರದು. ಅವುಗಳ ಮಗ್ಗುಲಲ್ಲೇ ಇರುವ ಲಾವೋಸಿನ ಹೆಸರೆತ್ತಿದರೆ ಮಾತ್ರ, “ಅಲ್ಲಿ ನೋಡುವುದಕ್ಕೆ ಏನಿದೆ?” ಎಂಬ ಪ್ರಶ್ನೆ ಬರುತ್ತದೆ. ಹೋಗಿಬಂದವರಲ್ಲೂ ಕೆಲವರು, “ಊರಿಗೆ ಊರೇ ನಿದ್ದೆ ಮಾಡುತ್ತದೆ ಕಣ್ರೀ” ಎಂದು ನಗುತ್ತಾರೆ. ಈ ನಿದ್ದೆಯ ಮಾತನ್ನು ಸ್ವಲ್ಪ ವಿಚಾರಿಸಿ ನೋಡೋಣವೆಂದು ನಮಗೆ ಅನಿಸಿದೆ.

ಲಾವೋಸ್ ವಿಸ್ತಾರದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆಯೋ ೭೫ ಲಕ್ಷದ ಆಸುಪಾಸು. ಬೆಂಗಳೂರು ಒಂದರಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಕಡಲಿಲ್ಲ, ಸುತ್ತ ಐದು ದೇಶಗಳು, ನಡುವೆ ಬೆಟ್ಟ ಕಾಡು, ಪಶ್ಚಿಮದ ಅಂಚಿನ ಬಹುಭಾಗದಲ್ಲಿ ಮೆಕಾಂಗ್ ನದಿ. ಇಷ್ಟು ಜಾಗದಲ್ಲಿ ಇಷ್ಟೇ ಜನ ಇದ್ದರೆ ಸದ್ದು ಕಡಿಮೆಯಾಗಿರುವುದರಲ್ಲಿ ಆಶ್ಚರ್ಯವೇನು ಎನ್ನಬಹುದು. ಆದರೆ ಲುವಾಂಗ್ ಪ್ರಬಾಂಗಿನಂಥ ಪೇಟೆಯಲ್ಲೂ ಗಾಡಿಯವರು ಹಾರನ್ ಒತ್ತುವುದು ಅಪರೂಪ, ವ್ಯಾಪಾರಿಗಳು ಕೂಗಿ ಕರೆಯುವುದಿಲ್ಲ. ಮುಂಬಯಿಯ ಲೋಕಲ್ ಗಾಡಿಯಲ್ಲಿ ಕಿವಿ ಹದಗೊಂಡವರಿಗೆ ಮೊದಲೆರಡು ದಿನ ಏನೋ ಕಳೆದುಹೋದಂತೆ ಅನಿಸೀತು. ಅವರ ನಾಲಗೆಯ ತುದಿಯಲ್ಲಿರುವ ಮಾತು ‘ಬೋ ಪೆನ್ ಞಾಂಗ್’. ಇಂಗ್ಲಿಷಿನವರು ಇದಕ್ಕೆ ಅರ್ಥ ಹೇಳಲು ತಿಣುಕುತ್ತಾರೆ. ಕನ್ನಡಿಗರಿಗೆ ಆ ಕಷ್ಟವಿಲ್ಲ, ನಮ್ಮ ‘ಪರವಾಗಿಲ್ಲ’ ಎಂಬುದೇ ಅದು.

ಲುವಾಂಗ್ ಪ್ರಬಾಂಗ್ ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳು ಕೂಡುವ ನಾಲಗೆಯಂಥ ನೆಲದ ಮೇಲಿದೆ. ೧೩೫೩ರಲ್ಲಿ ಸ್ಥಾಪನೆಯಾದ ಲಾನ್ ಸಾಂಗ್ ರಾಜ್ಯಕ್ಕೆ – ಹತ್ತು ಲಕ್ಷ ಆನೆಗಳ ನಾಡು ಎಂದು ಅದರ ಅರ್ಥ – ಇದು ರಾಜಧಾನಿಯಾಗಿತ್ತು. ೧೯೯೫ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೇವಾಲಯಗಳ ಚಾವಣಿಗಳು ಒಂದರ ಮೇಲೊಂದಾಗಿ ಇಳಿದು, ರೆಕ್ಕೆ ಮುಚ್ಚಿದ ಹಕ್ಕಿಯಂತೆ ನೆಲದ ಹತ್ತಿರಕ್ಕೆ ಬರುತ್ತವೆ. ಅಂಗಳದಲ್ಲಿ ನಮ್ಮ ದೇವಕಣಗಿಲೆ ಹೂ ಉದುರಿರುತ್ತದೆ. ಅವರು ಅದನ್ನು ‘ಚಂಪಾ’ ಎನ್ನುತ್ತಾರೆ. ಅದೇ ಅವರ ರಾಷ್ಟ್ರಪುಷ್ಪ.

ಊಟದ ವಿಷಯ ಮನೆಯವರು ಮೊದಲು ಕೇಳುವುದರಿಂದ ಇಲ್ಲೇ ಹೇಳಿಬಿಡುತ್ತೇವೆ. ಅಂಟು ಅಕ್ಕಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿದಿರಿನ ಬುಟ್ಟಿಯಲ್ಲಿ ಹಬೆಗಿಟ್ಟು ಬೇಯಿಸುತ್ತಾರೆ. ಚಮಚದ ಗೊಡವೆಯಿಲ್ಲ, ಬೆರಳಲ್ಲಿ ಮುರಿದು, ಉಂಡೆ ಮಾಡಿ, ಖಾರದ ಚಟ್ನಿಯಲ್ಲಿ ಅದ್ದಿ ತಿನ್ನುವುದು. ಮುದ್ದೆ ಉಂಡವರಿಗೆ ಕೈ ತಾನಾಗಿ ಪಳಗುತ್ತದೆ, ಆದರೆ ಇದನ್ನು ನುಂಗುವಂತಿಲ್ಲ, ಅಗಿಯಲೇಬೇಕು. ಮೆಕಾಂಗಿನ ಪಾಚಿಯನ್ನು ಎಳ್ಳು ಹಾಕಿ ಒಣಗಿಸಿ ಹಪ್ಪಳದಂತೆ ಕರಿಯುವುದೂ ಉಂಟು. ಸಸ್ಯಾಹಾರಿಗಳು ಮಾತ್ರ ಎಚ್ಚರವಾಗಿರಬೇಕು. ಬರೀ ತರಕಾರಿಯಂತೆ ಕಾಣುವ ಪರಂಗಿಕಾಯಿಯ ಕೋಸಂಬರಿಗೂ ‘ಪಡೆಕ್’ ಎಂಬ ಹುಳಿಹಿಡಿಸಿದ ಮೀನಿನ ರಸ ಬೀಳುತ್ತದೆ. ‘ಬೋ ಸೈ ಪಡೆಕ್’, ಎಂದರೆ ಪಡೆಕ್ ಹಾಕಬೇಡಿ, ಎಂಬ ಮೂರು ಪದಗಳನ್ನು ಬಾಯಿಪಾಠ ಮಾಡಿಕೊಂಡು ಹೊರಡುವುದು ಒಳ್ಳೆಯದು.

ಈ ಊರಿನ ಮೌನ ಅತ್ಯಂತ ಚೆನ್ನಾಗಿ ಕಾಣುವುದು ನಸುಕಿನಲ್ಲಿ, ‘ತಕ್ ಬಾತ್’ ಎಂಬ ಭಿಕ್ಷೆಯ ಹೊತ್ತಿನಲ್ಲಿ. ಹಿರಿಯರು ಮುಂದೆ, ಎಳೆಯರು ಹಿಂದೆ, ಬರಿಗಾಲಿನಲ್ಲಿ ಕಾವಿಯ ಸಾಲು ಬರುತ್ತದೆ. ಮನೆಯ ಮುಂದೆ ಮಂಡಿಯೂರಿ ಕುಳಿತ ಗೃಹಿಣಿ ಒಂದೊಂದು ಪಾತ್ರೆಗೂ ಒಂದೊಂದು ತುತ್ತು ಅನ್ನ ಹಾಕುತ್ತಾಳೆ. ಕೊಡುವವರೂ ಪಡೆಯುವವರೂ ಮಾತಾಡುವುದಿಲ್ಲ. ಬೀದಿಯ ಕೊನೆಯಲ್ಲಿ ಬುಟ್ಟಿ ಹಿಡಿದು ಕುಳಿತ ಬಡ ಮಕ್ಕಳಿಗೆ ಆ ಭಿಕ್ಷುಗಳೇ ತಮ್ಮ ಪಾತ್ರೆಯಿಂದ ಒಂದಷ್ಟು ತೆಗೆದುಕೊಡುವುದನ್ನು ನಾವು ನೋಡಿದೆವು. ಸಾಲಿನ ಹಿಂದೆ ಬರುವ ಹುಡುಗರಲ್ಲಿ ಬಹುಮಂದಿ ಹಳ್ಳಿಗಾಡಿನವರು. ಓದಿಗಾಗಿ ವಿಹಾರ ಸೇರಿದವರು. ವಾರಾನ್ನದಲ್ಲಿ, ಮಠದ ಪ್ರಸಾದದಲ್ಲಿ ಓದಿ ಮುಂದೆ ಬಂದ ಹಿರಿಯರಿರುವ ಕನ್ನಡ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಡೆ ಪ್ರವಾಸಿಗಳು ನಡೆದುಕೊಳ್ಳುವ ರೀತಿ ಕಂಡಾಗ ಸಂಕಟವಾಯಿತು. ಭಿಕ್ಷುಗಳ ಮುಖಕ್ಕೆ ಒಂದು ಮೊಳದ ಅಂತರದಲ್ಲಿ ಕ್ಯಾಮರ ಹಿಡಿಯುವವರು, ಮಿಂಚುದೀಪ ಹೊಡೆಯುವವರು, ಅನ್ನ ಕೊಂಡು ನಗುನಗುತ್ತ ಹಾಕಿ ಫೋಟೋ ತೆಗೆಸಿಕೊಳ್ಳುವವರು ಅಲ್ಲಿದ್ದರು. ದೂರ ನಿಲ್ಲಿ, ಮೌನವಾಗಿರಿ ಎಂದು ಊರಿನವರು ಫಲಕ ಹಾಕಿದ್ದಾರೆ. ಎಲ್ಲ ದೇಶದವರೂ ಈ ತಪ್ಪು ಮಾಡುತ್ತಾರೆ. ನಮ್ಮ ದೇಶದವರೂ ಹೊರತಲ್ಲ. ನಮ್ಮ ಊರ ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಯಾರೋ ಬಂದು ಹೀಗೆ ಮಾಡಿದರೆ ಸುಮ್ಮನಿರುತ್ತೇವೆಯೇ?

ಇನ್ನೊಂದು ಚಪಲ ನಮ್ಮವರದೇ. ಅಲ್ಲಿ ‘ಫ್ರಾ ಲಾಕ್ ಫ್ರಾ ಲಾಮ್’ ಎಂಬ ರಾಮಾಯಣವಿದೆ. ಹೆಸರಿನಲ್ಲಿ ಲಕ್ಷ್ಮಣನೇ ಮೊದಲು! ಕಥೆ ನಡೆಯುವುದು ಮೆಕಾಂಗಿನ ದಡದಲ್ಲಿ, ರಾಮ ಬುದ್ಧನ ಹಿಂದಿನ ಜನ್ಮ. ದಕ್ಷಿಣದ ಚಂಪಾಸಕ್ ಸೀಮೆಯಲ್ಲಿ ಲಿಂಗಪರ್ವತವೆಂದು ಪೂಜೆಗೊಂಡ ಬೆಟ್ಟದ ಬುಡದಲ್ಲಿ ವಾಟ್ ಫು ಎಂಬ ಹಳೆಯ ಶಿವಾಲಯವಿದೆ. ಅದರ ಜೀರ್ಣೋದ್ಧಾರದಲ್ಲಿ ಭಾರತದ ಪುರಾತತ್ವ ಇಲಾಖೆ ಕೈಜೋಡಿಸಿದೆ. ಇದನ್ನೆಲ್ಲ ಕಂಡ ಕೂಡಲೇ “ಎಲ್ಲ ನಮ್ಮಿಂದಲೇ ಹೋದದ್ದು” ಎಂದು ಎದೆಯುಬ್ಬಿಸುವುದು ಅತಿಥಿಗೆ ಶೋಭಿಸದು. ಬೀಜ ಎಲ್ಲಿಂದ ಬಂದಿದ್ದರೂ ನೀರೆರೆದು ಬೆಳೆಸಿದವರು ಅವರು.

ರಾಜಧಾನಿ ವಿಯೆಂಟಿಯಾನಿಗೆ ಮೊದಲು ಬೆಟ್ಟದ ದಾರಿಯಲ್ಲಿ ಇಡೀ ದಿನ ಹಿಡಿಯುತ್ತಿತ್ತು. ೨೦೨೧ರ ಡಿಸೆಂಬರಿನಲ್ಲಿ ಚೀನದ ಗಡಿಯವರೆಗಿನ ರೈಲು ಆರಂಭವಾದ ಮೇಲೆ ಸುಮಾರು ಎರಡು ಗಂಟೆ ಸಾಕು. ರೈಲಿನೊಡನೆ ಸಾಲವೂ ಬಂದಿದೆ, ಜನಜಂಗುಳಿಯೂ ಬರುತ್ತಿದೆ.

ಈ ನಾಡಿನ ಮೌನಕ್ಕೆ ಇನ್ನೊಂದು ಮುಖವಿದೆ. ೧೯೫೪ರ ಜಿನೀವಾ ಒಪ್ಪಂದದ ಮೇಲೆ ಇಲ್ಲಿ ಕದನವಿರಾಮವನ್ನು ಕಾಯಲು ನೇಮಿಸಿದ ಆಯೋಗಕ್ಕೆ ಭಾರತವೇ ಅಧ್ಯಕ್ಷಸ್ಥಾನದಲ್ಲಿತ್ತು. ಪೋಲೆಂಡ್, ಕೆನಡ ಜೊತೆಗಿದ್ದವು. ಶಾಂತಿ ನಿಲ್ಲಲಿಲ್ಲ. ನೆರೆಯ ವಿಯೆಟ್ನಾಂ ಯುದ್ಧದ ಹೆಸರಿನಲ್ಲಿ ೧೯೬೪ರಿಂದ ೧೯೭೩ರವರೆಗೆ ಅಮೆರಿಕದ ವಿಮಾನಗಳು ಲಾವೋಸಿನ ಮೇಲೆ ೨೦ ಲಕ್ಷ ಟನ್ನಿಗೂ ಮಿಕ್ಕಿ ಬಾಂಬು ಸುರಿದವು. ೫,೮೦,೦೦೦ ಹಾರಾಟಗಳು, ಲೆಕ್ಕ ಹಾಕಿದರೆ ಹಗಲೂ ಇರುಳೂ ಎಂಟು ನಿಮಿಷಕ್ಕೊಂದು ವಿಮಾನದ ತುಂಬ ಬಾಂಬು, ಒಂಬತ್ತು ವರ್ಷ. ಒಡಲಲ್ಲಿ ನೂರಾರು ಮರಿಗಳನ್ನು ತುಂಬಿಕೊಂಡ ಬಾಂಬುಗಳೇ ಅವುಗಳಲ್ಲಿ ಬಹಳ. ಸುಮಾರು ೨೭ ಕೋಟಿ ಮರಿಗಳಲ್ಲಿ ೮ ಕೋಟಿಯಷ್ಟು ಸಿಡಿಯದೆ ಮಣ್ಣಿನಲ್ಲಿ ಉಳಿದುವು. ಹಳ್ಳಿಗರು ಅವನ್ನು ‘ಬೊಂಬಿ’ ಎನ್ನುತ್ತಾರೆ. ಮಕ್ಕಳ ಚೆಂಡಿನ ಗಾತ್ರ, ಚೆಂಡೆಂದೇ ಎತ್ತಿಕೊಂಡ ಮಕ್ಕಳೂ ಇದ್ದಾರೆ. ಸಿಯೆಂಗ್ ಖುವಾಂಗ್ ಪ್ರಾಂತ್ಯದ ರೈತ ಇಂದಿಗೂ ಹೊಸ ನೆಲ ಅಗೆಯಬೇಕಾದರೆ ಅಂಜುತ್ತಾನೆ. ಅಲ್ಲೇ ಬಾಂಬಿನ ಚಿಪ್ಪುಗಳನ್ನು ಮನೆಯ ಕಂಬವಾಗಿ, ಈರುಳ್ಳಿ ಸೊಪ್ಪು ಬೆಳೆಸುವ ಕುಂಡವಾಗಿ ಇಟ್ಟುಕೊಂಡಿದ್ದಾರೆ; ಲೋಹವನ್ನು ಕರಗಿಸಿ ಚಮಚ ಎರೆಯುವ ಹಳ್ಳಿಯೂ ಇದೆ.

ಅವರ ಮಾತಿನಲ್ಲಿ ಸಿಟ್ಟು ಕೇಳಲಿಲ್ಲವಲ್ಲ ಎಂದು ನಮ್ಮ ಜೊತೆಯವರೊಬ್ಬರು ಬೆರಗಾದರು. ಸಿಟ್ಟಿಲ್ಲವೆಂದು ಹೇಳಲು ನಾವು ಯಾರು? ಅತಿಥಿಯ ಮುಂದೆ ಆಡದೆ ಇಟ್ಟುಕೊಂಡಿರಬಹುದು.

ವಿಯೆಂಟಿಯಾನಿನಲ್ಲಿ ‘ಕೋಪ್’ ಎಂಬ ಕೇಂದ್ರವಿದೆ. ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗ ಒದಗಿಸುವ ಕೆಲಸ ಅದರದು. ಸೂರಿನಿಂದ ಇಳಿಬಿಟ್ಟ ಬೊಂಬಿಗಳ ಗೊಂಚಲನ್ನೂ ಜನ ಬಿಚ್ಚಿಟ್ಟುಹೋದ ಹಳೆಯ ಮರದ ಕಾಲುಗಳನ್ನೂ ಅಲ್ಲಿ ನೋಡಬಹುದು. ಒಂದೇ ದಿನ ಇರುವವರು ಪತುಸೈ ವಿಜಯದ್ವಾರ ಹತ್ತುವುದನ್ನು ಬಿಟ್ಟರೂ ಚಿಂತೆಯಿಲ್ಲ, ಇಲ್ಲಿಗೆ ಒಂದು ಗಂಟೆ ಇಟ್ಟುಕೊಳ್ಳಿ. ತಿಳಿವಳಿಕೆ ಬಂದ ಮಕ್ಕಳನ್ನೂ ಕರೆದೊಯ್ಯಬಹುದು. ಪ್ರವೇಶಕ್ಕೆ ಹಣವಿಲ್ಲ, ಕಾಣಿಕೆ ಕೊಟ್ಟರೆ ಸ್ವೀಕರಿಸುತ್ತಾರೆ.