ಅಗಲವಾಗುವ ಗಾಡಿ ಯಾರಿಗೆ ಬೇಕು?

ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿ ಕೊಡಗಿಗೆ ಅಂಟಿಕೊಂಡಂತಿದೆ. ಜೂನ್ ಬಂತೆಂದರೆ ಬಿಡದ ಮಳೆ. ಈ ಭಾಗದಲ್ಲಿ ಶುಂಠಿ ಹಾಕುವವರು ಹೊಲವನ್ನು ಗುತ್ತಿಗೆಗೆ ಹಿಡಿಯುತ್ತಾರೆ, ಹೊರ ಊರುಗಳಿಂದ ಆಳುಗಳನ್ನು ಕರೆತರುತ್ತಾರೆ, ಹೊಲದ ಬದುವಿನಲ್ಲೇ ಒಂದು ಶೆಡ್ಡು ಎಬ್ಬಿಸುತ್ತಾರೆ. ನಾಲ್ಕು ಗಳ, ಒಂದು ನೀಲಿ ಟಾರ್ಪಾಲು, ಅದು ಹಾರಿಹೋಗದಂತೆ ಮೇಲೊಂದಿಷ್ಟು ಕಲ್ಲು. ಚನ್ನರಾಯಪಟ್ಟಣದ ಕಡೆ ಕಬ್ಬು ಕಡಿಯಲು ಬರುವವರದೂ, ರಸ್ತೆ ಅಗಲ ಮಾಡಲು ಬರುವವರದೂ ಇದೇ ಮನೆ. ಕೆಲಸ ಮುಗಿದ ದಿನ ಟಾರ್ಪಾಲು ಮಡಚಿ ಟ್ರ್ಯಾಕ್ಟರ್ ಹತ್ತಿಸಿದರೆ ಊರು ಬಿಟ್ಟಂತೆಯೇ.

ಇದೇ ರಸ್ತೆಗಳಲ್ಲಿ ಇತ್ತೀಚೆಗೆ ಇನ್ನೊಂದು ಬಗೆಯ ಸಂಚಾರಿ ಮನೆಯೂ ಕಾಣಿಸುತ್ತಿದೆ. ಅದಕ್ಕೆ ಕ್ಯಾರವಾನ್ ಎನ್ನುತ್ತಾರೆ. ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ, ಏಸಿ ಎಲ್ಲವೂ ಒಳಗೇ. ಮಹಾರಾಷ್ಟ್ರ ಮತ್ತು ಕೇರಳ 2021ರಲ್ಲೇ ಇದಕ್ಕಾಗಿ ಪ್ರತ್ಯೇಕ ನೀತಿ ತಂದವು. ಕೇರಳ ತನ್ನ ಯೋಜನೆಗೆ ‘ಕೇರವಾನ್’ ಎಂದು ಹೆಸರಿಟ್ಟು, ವಾಗಮಣ್‌ನಲ್ಲಿ ಗಾಡಿ ನಿಲ್ಲಿಸಲು ಪಾರ್ಕನ್ನೇ ತೆರೆಯಿತು. ಕರ್ನಾಟಕದಲ್ಲೂ ಇವು ಬಾಡಿಗೆಗೆ ಸಿಗುತ್ತವೆ. ಹಾಸನ ಜಿಲ್ಲೆಯವರಿಗಂತೂ ಒಳಗೇ ಕೂತು ಮಲಗುವ ಬಸ್ಸು ಹೊಸದಲ್ಲ. ಚುನಾವಣೆ ಹತ್ತಿರ ಬಂದಾಗ ಇಲ್ಲಿಯ ನಾಯಕರ ರಥಯಾತ್ರೆಗಳನ್ನು ಬೇಕಾದಷ್ಟು ನೋಡಿದ್ದಾರೆ.

ಕ್ಯಾರವಾನ್ ಕಟ್ಟುವವರ ದೊಡ್ಡ ತಲೆನೋವು ಜಾಗ. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ರಸ್ತೆಯ ಮೇಲೆ ಗಾಡಿಯ ಅಗಲ 2.6 ಮೀಟರ್ ದಾಟಬಾರದು, ಅಂದರೆ ಎಂಟೂವರೆ ಅಡಿ. ಅಮೆರಿಕದಲ್ಲೂ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಓಡುವಾಗ ಕಿರಿದಾಗಿದ್ದು ನಿಂತಾಗ ಅಗಲವಾಗುವ ಗಾಡಿ ಮಾಡಬೇಕಾಯಿತು. ಬೆಂಕಿಪೊಟ್ಟಣದ ಒಳಗೂಡನ್ನು ಹೊರಕ್ಕೆ ತಳ್ಳಿದಂತೆ ಗೋಡೆಯ ಒಂದು ಭಾಗ ಸೋಫಾ, ಮಂಚದ ಸಮೇತ ಆಚೆ ಸರಿಯುತ್ತದೆ. ಇದಕ್ಕೆ ಸ್ಲೈಡ್‌ಔಟ್ ಎಂದು ಹೆಸರು. 1990ರಲ್ಲಿ ಅಮೆರಿಕದ ನ್ಯೂಮಾರ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದ ಮೇಲೆ ಅಲ್ಲಿಯ ದೊಡ್ಡ ಗಾಡಿಗಳಲ್ಲಿ ಇದು ಮಾಮೂಲಾಯಿತು. ಕೆಲವು ಮೋಟಾರು ಮತ್ತು ಹಲ್ಲುಪಟ್ಟಿಯಿಂದ ಸರಿಯುತ್ತವೆ, ಕೆಲವು ಹೈಡ್ರಾಲಿಕ್ ಒತ್ತಡದಿಂದ, ಕೆಲವು ಉಕ್ಕಿನ ತಂತಿಯಿಂದ.

ನೋಡಲು ಚಂದ, ಸಾಕಲು ಕಷ್ಟ. ಗಾಡಿಯನ್ನು ಮಟ್ಟವಾಗಿ ನಿಲ್ಲಿಸದೆ ಪೆಟ್ಟಿಗೆ ಹೊರಗೆ ತೆಗೆದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಗೋಡೆ ಕತ್ತರಿಸಿದ್ದಕ್ಕೆ ಬಲ ತುಂಬಲು ಹೆಚ್ಚು ಕಬ್ಬಿಣ ಬೇಕು, ತೂಕ ಏರುತ್ತದೆ. ಸುತ್ತಲಿನ ರಬ್ಬರ್ ಪಟ್ಟಿ ಒಣಗಿ ಬಿರಿದರೆ ನೀರು ಒಳಗೆ. ಮಲೆನಾಡಿನ ಅಂಚಿನ ಮಳೆಗೆ ಅಂಥ ರಬ್ಬರ್ ಎಷ್ಟು ವರ್ಷ ತಡೆದೀತು?

ಜಾಗ ಹಿಗ್ಗಿಸಲು ಮೋಟಾರೇ ಬೇಕೆಂದೇನೂ ಇಲ್ಲ. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನುಗಳ ಚಾವಣಿಯನ್ನು ಕೀಲಿನ ಮೇಲೆ ಎತ್ತಿ, ಸುತ್ತ ಕ್ಯಾನ್ವಾಸ್ ಕಟ್ಟಿ, ನಿಂತು ಓಡಾಡುವಷ್ಟು ಎತ್ತರ ಗಳಿಸಿತು. ಹೆದ್ದಾರಿ ಬದಿಯಲ್ಲಿ ಲಾರಿಯವರು ಪಕ್ಕಕ್ಕೆ ಟಾರ್ಪಾಲು ಎಳೆದು ಕಟ್ಟಿ, ಅದರಡಿ ಸ್ಟೌ ಹಚ್ಚುವುದೂ ಇದೇ ಜಾತಿಯ ಬುದ್ಧಿ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಯಂಥ ಕಡೆ ದಿನಗಟ್ಟಲೆ ಬೀಡುಬಿಡುತ್ತಿದ್ದ ರೈತರಿಗೆ ಎತ್ತಿನ ಗಾಡಿಯೇ ಮನೆ: ಮೂಕಿಗೆ ಊರುಗೋಲು ಕೊಟ್ಟು, ಕಮಾನಿನಿಂದ ಚಾಪೆ ಇಳಿಬಿಟ್ಟರೆ ಗಾಡಿಯ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ಅದಕ್ಕೆ ಪೇಟೆಂಟ್ ಪಡೆಯುವ ಯೋಚನೆ ಯಾರಿಗೂ ಬರಲಿಲ್ಲ, ಅಷ್ಟೆ.

ಮನುಷ್ಯನಿಗೆ ಎಷ್ಟು ಜಾಗ ಬೇಕೆಂಬುದಕ್ಕೂ ಒಂದು ಲೆಕ್ಕವಿದೆ. ವಿಕೋಪದ ನಿರಾಶ್ರಿತರಿಗೆ ಸೂರು ಒದಗಿಸುವ ಸಂಸ್ಥೆಗಳು ಜಗತ್ತಿನಾದ್ಯಂತ ಬಳಸುವ ‘ಸ್ಫಿಯರ್’ ಮಾನದಂಡದ ಪ್ರಕಾರ ತಲೆಗೆ ಕನಿಷ್ಠ 3.5 ಚದರ ಮೀಟರ್ ನೆರಳಿರಬೇಕು, ಅಡುಗೆ ಜಾಗ ಸೇರಿಸಿದರೆ ಇನ್ನೂ ಹೆಚ್ಚು. ಐಕಿಯಾ ಪ್ರತಿಷ್ಠಾನದ ನೆರವಿನಿಂದ ರೂಪುಗೊಂಡು, ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಬಳಸುತ್ತಿರುವ ‘ಬೆಟರ್ ಶೆಲ್ಟರ್’ ಎಂಬ ಜೋಡಿಸುವ ಮನೆ 17.5 ಚದರ ಮೀಟರ್ ಇದೆ, ಐದು ಜನರಿಗೆ ಸರಿಯಾಗಿ ಅಷ್ಟೇ. ಇನ್ನು ನಮ್ಮ ಹೊಲದ ಬದುವಿಗೆ ಬನ್ನಿ. ಹತ್ತಡಿಗೆ ಹತ್ತಡಿಯ ಶೆಡ್ಡಿನಲ್ಲಿ ಐವರ ಸಂಸಾರ ಮಲಗಿದರೆ ಒಬ್ಬರ ಪಾಲಿಗೆ ಎರಡು ಚದರ ಮೀಟರೂ ಬರುವುದಿಲ್ಲ. ಯುದ್ಧದಿಂದ ಓಡಿಬಂದವರಿಗೆ ಇರುವ ಅಳತೆ ದುಡಿಯಲು ಬಂದವರಿಗೆ ಇಲ್ಲ.

ಅಗಲವಾಗುವ ಗಾಡಿ ನಿಜಕ್ಕೂ ಬೇಕಾಗಿರುವುದು ಇಲ್ಲಿ. ಟ್ರ್ಯಾಕ್ಟರ್ ಎಳೆಯಬಲ್ಲ ಒಂದು ಟ್ರೇಲರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: ಉದ್ದ 4.5 ಮೀಟರ್, ಅಗಲ 2.2. ನೆಲ ಸುಮಾರು 10 ಚದರ ಮೀಟರ್. ಎರಡೂ ಪಕ್ಕದ ಗೋಡೆಗಳ ಕೆಳ ಅರ್ಧಕ್ಕೆ ಕೀಲು ಹಾಕಿ, 1.1 ಮೀಟರ್ ಅಗಲದ ಹಲಗೆಯಾಗಿ ಹೊರಕ್ಕೆ ಇಳಿಸಿ, ಅಡಿಗೆ ಜಾಕ್ ಕೊಟ್ಟರೆ ನೆಲ ಇಮ್ಮಡಿಯಾಗುತ್ತದೆ. ಮೇಲಿನ ಅರ್ಧವನ್ನು ಎತ್ತಿ ಹಿಡಿದರೆ ಅದೇ ಮಾಡು, ಸುತ್ತ ದಪ್ಪ ಕ್ಯಾನ್ವಾಸ್. ಹೊರಡುವ ದಿನ ಮಡಚಿದರೆ ಮತ್ತೆ 2.2 ಮೀಟರ್. ಒಳಗೆ ಒಂದು ಸೋಲಾರ್ ದೀಪ. ಗಾಡಿಯ ತಳ ಮಣ್ಣಿನಿಂದ ಎರಡಡಿ ಎತ್ತರ. ಆ ಎತ್ತರವೇ ಹಾವು, ಚೇಳು, ಕೆಸರಿನಿಂದ ಅರ್ಧ ರಕ್ಷಣೆ. ಕಬ್ಬಿನ ಟ್ರೇಲರು ಕಟ್ಟುವ ವೆಲ್ಡಿಂಗ್ ಶಾಪಿನವರಿಗೆ ಇದು ಅರಿಯದ ವಿದ್ಯೆಯೇನಲ್ಲ.

ಆದರೆ ವೆಲ್ಡಿಂಗ್ ಶಾಪಿನವರು ತಾವಾಗಿಯೇ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮನಬಂದಂತೆ ಗಾಡಿಯ ರೂಪ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಪ್ರವಾಸಿಗೆ ನಿಯಮ ಬರೆದ ಸರ್ಕಾರ ಕೂಲಿಯ ಮನೆಗೂ ಒಂದು ನಕ್ಷೆಯನ್ನು ಒಪ್ಪಿ ಕೊಡಬೇಕು.

ಅದನ್ನು ರೂಪಿಸುವ ಜಾಗವೂ ದೂರವಿಲ್ಲ. ಕೆಎಸ್ಆರ್‌ಟಿಸಿಯ ಪ್ರಾದೇಶಿಕ ಕಾರ್ಯಾಗಾರ ಹಾಸನದಲ್ಲೇ ಇದೆ. ಹಳೆಯ ಬಸ್ಸನ್ನು ಬೇರೆ ಕೆಲಸಕ್ಕೆ ಒಗ್ಗಿಸುವುದು ಈ ನಿಗಮಕ್ಕೆ ಗೊತ್ತು. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಒಂದು ಹಳೆಯ ಬಸ್ಸು ಮಹಿಳೆಯರ ಶೌಚಾಲಯವಾಯಿತು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ‘ಸಾರಿಗೆ ಸುರಕ್ಷಾ’ ಹೆಸರಿನಲ್ಲಿ ಬಸ್ಸೊಂದು ಐಸಿಯು ಆಯಿತು. ಹನ್ನೊಂದು ಮೀಟರ್ ಉದ್ದದ ಬಸ್ಸಿನ ನೆಲ ಇಪ್ಪತ್ತೈದು ಚದರ ಮೀಟರ್ ಮೀರುತ್ತದೆ. ಗೋಡೆ ಇಳಿಸದೆಯೂ ಏಳು ಜನರ ಪಾಲಿನ ಜಾಗ ಅದು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್‌ನಿಂದ ರದ್ದಾಗುತ್ತಿರುವುದರಿಂದ ಅಂಥವು ಗುಜರಿಯ ದಾರಿ ಹಿಡಿಯಬೇಕು, ನಿಜ. ಅದಕ್ಕೂ ಮೊದಲೇ, ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ನಿವೃತ್ತಿಯಾಗುವ ಬಸ್ಸುಗಳಿವೆಯಲ್ಲ, ಅವುಗಳಲ್ಲಿ ನಾಲ್ಕೈದನ್ನು ಪ್ರಯೋಗಕ್ಕೆ ಇಡಬಹುದು.

ಇದಕ್ಕೊಂದು ಆಕ್ಷೇಪ ಇದ್ದೇ ಇದೆ, ಅದು ಸಣ್ಣದಲ್ಲ. ಬಡವರಿಗೆ ಚಕ್ರದ ಮನೆ ಕೊಟ್ಟು ಭದ್ರವಾದ ಮನೆಯ ಮಾತನ್ನು ಮರೆಸುತ್ತೀರಾ? ತಾತ್ಕಾಲಿಕ ಎಂಬುದು ನಮ್ಮಲ್ಲಿ ಬಲು ದೀರ್ಘಾಯುಷಿ. 2019ರ ನೆರೆಯ ನಂತರ ಬೆಳಗಾವಿ, ಬಾಗಲಕೋಟೆ ಕಡೆಯ ಸಂತ್ರಸ್ತರು ತಗಡಿನ ಶೆಡ್ಡುಗಳಲ್ಲಿ ಬೇಸಿಗೆ ಕಳೆದದ್ದನ್ನು ರಾಜ್ಯ ನೋಡಿದೆ. ಪಕ್ಕದ ಕೊಡಗಿನಲ್ಲಿ 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳಿಗೆ ಜಂಬೂರಿನ ಮನೆಗಳ ಕೀಲಿ ಸಿಕ್ಕಿದ್ದು 2020ರ ಜೂನ್‌ನಲ್ಲಿ. ಆ ನಡುವಿನ ಕಾಲ ಎಲ್ಲಿ ಕಳೆಯಬೇಕು ಎಂಬುದೇ ಪ್ರಶ್ನೆ. ನೆರೆಗೆ ಸಿಕ್ಕವರಿಗೆ ಗಾಡಿ ಎಂಬುದು ಮನೆಗಾಗಿ ಕಾಯುವಷ್ಟು ದಿನದ ಆಸರೆ ಮಾತ್ರ. ಕಬ್ಬು, ಶುಂಠಿಯ ಕೂಲಿಯವರ ಮಾತು ಬೇರೆ, ಅವರಿಗೆ ಊರಲ್ಲಿ ಮನೆ ಇದ್ದರೂ ವರ್ಷದ ಅರ್ಧ ಭಾಗ ದಾರಿಯಲ್ಲೇ.

ಗಾಡಿಯೊಂದೇ ಸಾಲದು ಎಂಬುದೂ ಸರಿ. ಅದು ನಿಲ್ಲಲು ಜಾಗ, ನಲ್ಲಿ, ಶೌಚಾಲಯ, ಮಕ್ಕಳಿಗೆ ಹತ್ತಿರದ ಶಾಲೆ ಬೇಕು. ಪ್ರವಾಸಿಗರ ಕ್ಯಾರವಾನ್ ಪಾರ್ಕುಗಳಲ್ಲಿ ನೀರು, ಕರೆಂಟು, ಕೊಳಚೆ ವಿಲೇವಾರಿ ಇರಲೇಬೇಕು ಎನ್ನುತ್ತಾರೆ. ಗ್ರಾಮ ಪಂಚಾಯಿತಿಯ ಒಂದು ಮೂಲೆಯಲ್ಲಿ ಅದೇ ಏರ್ಪಾಟು ಮಾಡಿದರೆ ಯಾರ ಗಂಟೂ ಹೋಗುವುದಿಲ್ಲ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲೇ ಉಚಿತ ತಾತ್ಕಾಲಿಕ ವಸತಿ, ಬೇರೆ ಅಡುಗೆ ಜಾಗ, ಸ್ನಾನದ ಮನೆ, ಶೌಚಾಲಯ ಕೊಡಬೇಕೆಂದು 1996ರ ಕಾಯ್ದೆಯ 34ನೇ ಕಲಮು ಬರೆದಿತ್ತು. ಹೊಲದ ಕೂಲಿಗೆ ಆ ಕಾಯ್ದೆ ಅನ್ವಯಿಸಲೂ ಇಲ್ಲ.

ಈ ಜಿಲ್ಲೆಗೆ ಕೈಲಾಗದು ಎಂದು ಯಾರೂ ಹೇಳುವಂತಿಲ್ಲ. 2018ರ ಫೆಬ್ರುವರಿಯ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳದ ಸುತ್ತ ಬಯಲಿನಲ್ಲಿ ಕಳಶನಗರ, ತ್ಯಾಗಿನಗರ, ಪಂಚಕಲ್ಯಾಣ ನಗರ ಎಂಬ ಉಪನಗರಗಳೇ ಎದ್ದವು, ನೀರು, ದೀಪ, ರಸ್ತೆ ಸಮೇತ. ಕೆಲಸ ಮುಗಿದ ಮೇಲೆ ಬಿಚ್ಚಿದ್ದೂ ಆಯಿತು. ಅದರ ಸಾವಿರದಲ್ಲೊಂದು ಪಾಲು ಮುತುವರ್ಜಿ ಸಾಕು. ಹಾಸನದ ಕಾರ್ಯಾಗಾರದಲ್ಲಿ ಜಿಲ್ಲಾಡಳಿತ ಮತ್ತು ಸಾರಿಗೆ ನಿಗಮ ಸೇರಿ ಒಂದೇ ಒಂದು ಮಡಚುವ ಮನೆ ಕಟ್ಟಿಸಲಿ, ಮುಂದಿನ ಮಳೆಗಾಲಕ್ಕೆ ಮಲ್ಲಿಪಟ್ಟಣದ ಶುಂಠಿ ಹೊಲದ ಬದುವಿನಲ್ಲಿ ನಿಲ್ಲಿಸಲಿ, ಸೋರುತ್ತದೋ ಇಲ್ಲವೋ ಎಂದು ಒಳಗೆ ಮಲಗಿದವರನ್ನೇ ಕೇಳಲಿ.