ನೆಲದ ತಾಳಕ್ಕೆ ಯಾವ ಮನೆ ಕುಣಿಯುತ್ತದೆ?

ಸೋದರಿಯರೇ, "ಭೂಕಂಪದ ಮಾತು ನಮಗ್ಯಾಕ್ರೀ, ಅದು ಎಂಜಿನಿಯರುಗಳ ಪಾಡು" ಎನ್ನಬೇಡಿ. ಜೀವಮಾನದ ಉಳಿತಾಯ ಹಾಕಿ ಫ್ಲ್ಯಾಟ್ ಕೊಳ್ಳುವಾಗ ಅಡಿಗೆಕಟ್ಟೆ ಎಷ್ಟೆತ್ತರ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದೆಲ್ಲ ವಿಚಾರಿಸುವವರು ನಾವೇ ತಾನೆ? ಜೊತೆಗೆ ಇನ್ನು ಮೂರು ಪ್ರಶ್ನೆ ಕೇಳುವುದನ್ನೂ ಕಲಿಯೋಣ.

ಮೊದಲು ಒಂದು ಪುಟ್ಟ ಪ್ರಯೋಗ. ಚಪಾತಿ ಹಿಟ್ಟು ಕಲಸುವಾಗ ಮಕ್ಕಳನ್ನೂ ಕರೆಯಿರಿ. ಉದ್ದ, ಮಧ್ಯಮ, ಗಿಡ್ಡ ಹೀಗೆ ಮೂರು ತೆಂಗಿನ ಕಡ್ಡಿಗಳನ್ನು ಅರ್ಧ ಆಲೂಗೆಡ್ಡೆಗೆ ನೆಟ್ಟಗೆ ಚುಚ್ಚಿ. ಪ್ರತಿ ತುದಿಗೂ ಗೋಲಿ ಗಾತ್ರದ ಹಿಟ್ಟಿನ ಉಂಡೆ ಸಿಕ್ಕಿಸಿ. ಆಲೂಗೆಡ್ಡೆಯನ್ನು ಮಣೆಯ ಮೇಲಿಟ್ಟು ನಿಧಾನವಾಗಿ ಆಚೀಚೆ ಆಡಿಸಿ: ಉದ್ದನೆಯದು ತೂಗಾಡುತ್ತದೆ, ಗಿಡ್ಡದು ಸುಮ್ಮನಿರುತ್ತದೆ. ಬೇಗಬೇಗ ಆಡಿಸಿ: ಈಗ ಗಿಡ್ಡದರ ಸರದಿ.

ಕಟ್ಟಡಗಳೂ ಹಾಗೆಯೇ. ಒಂದಂತಸ್ತಿನ ಮನೆ ಒಮ್ಮೆ ತೂಗಿ ಬರಲು ಸೆಕೆಂಡಿನ ಹತ್ತರಲ್ಲೊಂದು ಪಾಲು ಸಾಕು. ಹತ್ತಂತಸ್ತಿನದಕ್ಕೆ ಸುಮಾರು 1 ಸೆಕೆಂಡ್ ಬೇಕು. ನೆಲದ ತಾಳವೂ ಕಟ್ಟಡದ ತಾಳವೂ ಕೂಡಿಬಿಟ್ಟರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ಜೀಕು ಏರುತ್ತಲೇ ಹೋಗುತ್ತದೆ. ನಡುಕ ಹೆಚ್ಚು ಹೊತ್ತು ನಿಂತಷ್ಟೂ ಅಪಾಯ ಹೆಚ್ಚು.

1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಆದದ್ದು ಇದೇ. ಭೂಕಂಪ ಹುಟ್ಟಿದ್ದು 300 ಕಿಲೋಮೀಟರಿಗೂ ಆಚೆ, ಪೆಸಿಫಿಕ್ ಕರಾವಳಿಯಲ್ಲಿ. ಆದರೆ ನಗರದ ದೊಡ್ಡ ಭಾಗ ನಿಂತಿರುವುದು ಹಳೆಯ ಸರೋವರದ ಮೆತ್ತನೆಯ ಜೇಡಿಮಣ್ಣಿನ ಮೇಲೆ. ಸರಿಯಾಗಿ ಗಟ್ಟಿಯಾಗದ ಹಾಲುಬಾಯಿ ತಟ್ಟೆಯಲ್ಲಿ ಅಲುಗುವಂತೆ ಆ ಮಣ್ಣು ಸುಮಾರು 2 ಸೆಕೆಂಡಿಗೊಮ್ಮೆ ತೂಗಿತು, ಅದೂ ಗಟ್ಟಿ ನೆಲಕ್ಕಿಂತ ನಾಲ್ಕೈದು ಪಟ್ಟು ಜೋರಾಗಿ. ಹೆಚ್ಚು ಹಾಳಾದದ್ದು 6ರಿಂದ 15 ಅಂತಸ್ತಿನ ಕಟ್ಟಡಗಳು. ಬಿರುಕು ಬಿಟ್ಟ ಕಟ್ಟಡ ಸಡಿಲವಾಗಿ ಅದರ ತೂಗಾಟ ನಿಧಾನವಾಗುತ್ತದೆ ನೋಡಿ. ಹಾಗೆ ನಿಧಾನವಾಗುತ್ತಾ ಅವು ಮಣ್ಣಿನ ತಾಳಕ್ಕೇ ಸಿಕ್ಕಿಬಿದ್ದವು. ಎಷ್ಟೋ ಗಿಡ್ಡ ಮನೆಗಳು ಉಳಿದವು. 44 ಅಂತಸ್ತಿನ ಲ್ಯಾಟಿನೋಅಮೆರಿಕಾನಾ ಗೋಪುರವೂ ನಿಂತಿತು.

ಹಾಗೆಂದು ಗಿಡ್ಡ ಮನೆ ಯಾವಾಗಲೂ ಕ್ಷೇಮವಲ್ಲ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ, ಕಾಲಡಿಯಲ್ಲೇ ಎದ್ದ ನಡುಕಕ್ಕೆ ಕಲ್ಲುಮಣ್ಣಿನ ಗಿಡ್ಡ ಮನೆಗಳೇ ಉರುಳಿ ಸಾವಿರಾರು ಜನ ಮಡಿದರು. 2001ರ ಜನವರಿ 26ರಂದು ಕಚ್ಛದಲ್ಲಿ ಭೂಮಿ ನಡುಗಿದಾಗ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಕುಸಿದದ್ದು ಬಹುಮಹಡಿ ಕಟ್ಟಡಗಳು. ಅವುಗಳಲ್ಲಿ ಹಲವಕ್ಕೆ ಮೇಲೆ ಗೋಡೆಗಳ ಬಿಗಿ, ಕೆಳಗೆ ವಾಹನ ನಿಲ್ಲಿಸಲೆಂದು ಬಿಟ್ಟ ಬರೀ ಕಂಬಗಳು. ತೂಗಾಟದ ಪೆಟ್ಟೆಲ್ಲ ಆ ಕಂಬಗಳ ಮೇಲೇ ಬಿತ್ತು.

ಕರ್ನಾಟಕದ ಬಹುಭಾಗಕ್ಕೆ ಈ ಭಯ ಕಡಿಮೆಯೇ ಅನ್ನಿ. ಆದರೆ ಮಗಳ ಸಂಸಾರ ದೆಹಲಿಯಲ್ಲೋ ಗುವಾಹಟಿಯಲ್ಲೋ ಇರಬಹುದಲ್ಲ? ಮನೆ ಕೊಳ್ಳುವ ಮುನ್ನ ಕೇಳಿ:

ಮಣ್ಣಿನ ಪರೀಕ್ಷೆ ಆಗಿದೆಯೇ? ಜಾಗ ಹಿಂದೆ ಕೆರೆಯಾಗಿತ್ತೇ?

ಭೂಕಂಪದ ಲೆಕ್ಕ ಹಾಕಿ ಕಟ್ಟಡದ ವಿನ್ಯಾಸ ಮಾಡಿದ ಎಂಜಿನಿಯರು ಯಾರು?

ಕೆಳಗೆ ಬರೀ ಕಂಬಗಳೋ, ಜೊತೆಗೆ ಆಸರೆಯಾಗಿ ಕಾಂಕ್ರೀಟ್ ಗೋಡೆಗಳೂ ಉಂಟೋ?

ಉತ್ತರವನ್ನು ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ ಪಡೆಯಿರಿ. ಗ್ರಾನೈಟಿನ ಹೊಳಪು ಆಮೇಲೆ ನೋಡಿದರಾಯಿತು.