ಬೇಡವೆಂದವರ ಹೆಸರಿನ ಮಂಡೈ

ನಾನು ಹತ್ತನೇ ಇಯತ್ತೆಯವರೆಗೆ ಇಂಡಿ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತು, ಕಾಮರ್ಸ್ ಓದಲು ಪುಣೆಗೆ ಬಂದವನು. ವಾಸ ಸೋದರತ್ತೆಯ ಮನೆಯಲ್ಲಿ. ರವಿವಾರ ಮುಂಜಾನೆ ಕೈಚೀಲ ಹಿಡಿದು ಅತ್ತೆಯ ಹಿಂದೆ ಮಂಡೈಗೆ ಹೋಗುವುದು ನನ್ನ ಪಾಲಿಗೆ ಬಂದ ಕೆಲಸ. ಚೀಲ ಹೊತ್ತವನಿಗೂ ಒಂದು ಅಭಿಪ್ರಾಯ ಇರಬಾರದೇನು? ಅದನ್ನೇ ಬಳಗದ ಮಿತ್ರರ ಮುಂದೆ ಇಡುತ್ತಿದ್ದೇನೆ.

ಶುಕ್ರವಾರ ಪೇಠೆಯ ಮಹಾತ್ಮಾ ಫುಲೆ ಮಂಡೈ ನಿಮಗೆಲ್ಲ ಗೊತ್ತಿದ್ದದ್ದೇ. ನಡುವೆ ಎಂಟು ಮೂಲೆಯ ಎತ್ತರದ ಗೋಪುರ, ಅದರಿಂದ ಆಚೆ ಚಾಚಿದ ಕಲ್ಲಿನ ತೋಳುಗಳು, ಒಳಗೆ ಸಾಲುಸಾಲು ಕಟ್ಟೆಗಳ ಮೇಲೆ ಮೆಂತ್ಯ, ಬದನೆ, ಹಸಿಮೆಣಸು. ಮೊದಲು ಪುಣೆಯ ಕಾಯಿಪಲ್ಲೆ ಪೇಟೆ ಶನಿವಾರವಾಡೆಯ ಮುಂದಿನ ಬಯಲಿನಲ್ಲಿ ಕೂಡುತ್ತಿತ್ತು. 1886ರಲ್ಲಿ ಈ ಕಟ್ಟಡ ತೆರೆಯಿತು. ಆಗಿನ ಮುಂಬಯಿ ಗವರ್ನರರ ಹೆಸರಿನಿಂದ ಅದು 'ರೇ ಮಾರ್ಕೆಟ್' ಆಯಿತು. ಈಗಿನ ಹೆಸರು ಬಂದದ್ದು ಆಮೇಲೆ.

ಮೊನ್ನೆ ಕ್ಯಾಂಟೀನಿನಲ್ಲಿ ಈ ಕಟ್ಟಡದ ಮಾತು ಬಂತು. ಒಬ್ಬ ಮಿತ್ರ ಅಂದ: “ಕಾಯಿಪಲ್ಲೆ ಈಗ ಫೋನ್ ಒತ್ತಿದರ ಮನೀಗೇ ಬರ್ತದ. ಸಗಟು ವ್ಯಾಪಾರ ಗುಲ್ಟೇಕಡಿಗೆ ಹೋಗಿ ಎಷ್ಟೋ ವರ್ಷ ಆತು. 2024ರಾಗ ನೆಲದೊಳಗ ಮೆಟ್ರೋ ಸ್ಟೇಶನ್ನೂ ಬಂತು. ಆ ಮುದುಕಿಯರನ್ನ ಎಬ್ಬಿಸಿ, ಕಟ್ಟಡ ತೊಳದು, ಟಿಕೇಟ್ ಇಟ್ಟು, ಒಳಗ ನಾಕು ಕಾಫಿ ಅಂಗಡಿ ಹಾಕಿದರ ಕಾರ್ಪೊರೇಶನ್ನಿಗೆ ಭರ್ಜರಿ ಲಾಭ!” ಎಲ್ಲರೂ ಹೌದೆಂದರು. ಕಾಮರ್ಸ್ ಹುಡುಗರು ಲಾಭ ಅಂದಕೂಡಲೆ ಹೌದೆನ್ನದೆ ಇನ್ನೇನು ಅಂದಾರು!

ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಈ ಮಂಡೈಯ ಲೆಕ್ಕ ಅಷ್ಟು ಸರಳವಲ್ಲ.

ಈ ಕಟ್ಟಡ ಬೇಡವೆಂದು ಅಂದು ವಿರೋಧಿಸಿದವರಲ್ಲಿ ಒಬ್ಬರು ಯಾರು ಗೊತ್ತೆ? ಸ್ವತಃ ಜ್ಯೋತಿಬಾ ಫುಲೆ! 1876ರಿಂದ ಕೆಲವು ವರ್ಷ ಅವರು ಪುಣೆ ಪುರಸಭೆಯ ಸದಸ್ಯರಾಗಿದ್ದರು. ಇಷ್ಟು ದುಡ್ಡನ್ನು ಕಲ್ಲಿಗೆ ಸುರಿಯುವ ಬದಲು ಬಡವರ ಮಕ್ಕಳ ವಿದ್ಯೆಗೆ ಕೊಡಿರಿ ಎಂಬುದು ಅವರ ವಾದ. ಹಾಗೆಂದು ಅವರು ಲೆಕ್ಕ ತಿಳಿಯದ ಆದರ್ಶವಾದಿಯಲ್ಲ. ಕಟ್ಟಡದ ಗುತ್ತಿಗೆಯನ್ನೇ ಮಾಡಿ ಬದುಕಿದವರು. ಜಾತಿಯಿಂದ ಮಾಳಿ, ಹೂವು ಕಾಯಿಪಲ್ಲೆಯ ಕಸುಬಿನ ಮನೆತನ. 1848ರಲ್ಲಿ ಇದೇ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು. ಅಂಥವರು 'ಬೇಡ' ಅಂದರೆ ಅದು ತೂಕದ ಮಾತು. ಅವರ ಮಾತು ನಡೆಯಲಿಲ್ಲ. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅವರ ಹೆಸರನ್ನೇ ತಂದು ಈ ಕಟ್ಟಡಕ್ಕೆ ಹಚ್ಚಿದರು. ಗೌರವವೂ ಹೌದು, ಚೇಷ್ಟೆಯೂ ಹೌದು.

ಇದನ್ನು ಓದಿದಾಗ ನಾನು ಪೂರ್ತಿ ಫುಲೆಯವರ ಪಕ್ಷ. ನನ್ನ ಶಾಲೆಯಲ್ಲಿ ಮಳೆ ಬಂದರೆ ಮೂರು ಇಯತ್ತೆ ಒಂದೇ ಖೋಲಿಯಲ್ಲಿ ಕೂಡುತ್ತಿದ್ದವು, ಉಳಿದೆರಡು ಸೋರುತ್ತಿದ್ದವು. ಗೋಪುರ ಕಟ್ಟುವ ದುಡ್ಡು ಶಾಲೆಗೆ ಹೋಗಬೇಕಿತ್ತು ಅಂತ ನನಗ್ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ನನ್ನ ಪಕ್ಷ ಸ್ವಲ್ಪ ಬದಲಿಸಿದವಳು ಅತ್ತೆಗೆ ಖಾಯಂ ಸೊಪ್ಪು ಕೊಡುವ ಮಾವಶಿ. ಫುಲೆ ಈ ಕಟ್ಟಡ ಬೇಡ ಅಂದಿದ್ದರು ಎಂದು ಹೇಳಿದೆ. ಆಕೆ ಸೂಡು ಕಟ್ಟುವುದನ್ನು ನಿಲ್ಲಿಸಲಿಲ್ಲ. “ಅಂದಿರಬಹುದು ಬಾಳಾ. ಅವರು ಅಂದದ್ದು ಸಾಲಿ ಸಲುವಾಗಿ ಅಲ್ಲೇನು? ನನ್ನ ಇಬ್ಬರು ಹೆಣ್ಣುಮಕ್ಕಳ ಸಾಲಿ ಫೀ ಈ ಕಟ್ಟೀ ಮ್ಯಾಲಿಂದನ ಹೋಗ್ಯಾದ” ಎಂದು ಮರಾಠಿಯಲ್ಲಿ ಹೇಳಿ, ಅತ್ತೆಯ ಚೀಲಕ್ಕೆ ಒಂದು ಸೂಡು ಹೆಚ್ಚಿಗೆ ಹಾಕಿದಳು.

ನಾನು ಸುಮ್ಮನಾದೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಕಟ್ಟಡವನ್ನು ಆಸ್ತಿಯ ಬದಿಗೆ ಬರೆದು ವರ್ಷವರ್ಷ ಸವಕಳಿ ಕಳೆಯುತ್ತೇವೆ. ಆ ಲೆಕ್ಕದಲ್ಲಿ ಮಂಡೈಯ ಬೆಲೆ ಎಂದೋ ಸೊನ್ನೆಯಾಗಿರಬೇಕು. ಆದರೆ ಕಲ್ಲಿಗೆ ಹೋದ ದುಡ್ಡು ಮಾವಶಿಯ ಕಟ್ಟೆಯಿಂದ ಶಾಲೆಗೆ ತಿರುಗಿ ಬರುತ್ತಿದೆಯಲ್ಲ, ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ? ಫುಲೆಯವರ ಆಕ್ಷೇಪಕ್ಕೆ ಈ ಕಟ್ಟಡ ಕೊಡಬಲ್ಲ ಉತ್ತರ ಇದೊಂದೇ. ಮಾರುವವರನ್ನು ಎಬ್ಬಿಸಿ ಕಾಫಿ ಅಂಗಡಿ ಹಾಕಿದ ದಿನ ಆ ಉತ್ತರವೂ ಅಳಿದುಹೋಗುತ್ತದೆ. ಆಮೇಲೆ ಉಳಿಯುವುದು ಅವರು ಬೇಡವೆಂದ ಬರೀ ಕಲ್ಲು, ಅದರ ಮೇಲೆ ಅವರ ಹೆಸರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮಂಡೈ ಮಂಡೈಯಾಗಿಯೇ ಇರಲಿ. ದುರಸ್ತಿ ಅವಶ್ಯ ಆಗಲಿ. ಆದರೆ ಗೋಪುರಕ್ಕೆ ದೀಪ ಹಚ್ಚುವ ಮೊದಲು ಗಟಾರ, ಕುಡಿಯುವ ನೀರು, ಹೆಂಗಸರ ಶೌಚಾಲಯ ನೆಟ್ಟಗಾಗಲಿ. ಫುಲೆಯವರು ಇದನ್ನು ವಿರೋಧಿಸಿದ್ದರು, ಯಾಕೆ ವಿರೋಧಿಸಿದ್ದರು ಎಂಬುದನ್ನು ಬಾಗಿಲ ಬಳಿ ಎಲ್ಲರಿಗೂ ಕಾಣುವಂತೆ ಬರೆಯಲಿ. ಒಬ್ಬರ ಹೆಸರನ್ನು ಇಟ್ಟುಕೊಂಡು ಅವರ ಪ್ರಶ್ನೆಯನ್ನು ಮುಚ್ಚಿಡುವುದು ಖೊಟ್ಟಿ ಲೆಕ್ಕ.

ಕ್ಯಾಂಟೀನಿನ ಮಿತ್ರನಿಗೆ ಇದನ್ನೆಲ್ಲ ಹೇಳಿದೆ. “ಭಾಷಣ ಛಲೋ ಮಾಡ್ತಿ” ಎಂದು ನಕ್ಕ. ಬರುವ ರವಿವಾರ ಅವನನ್ನೂ ಮಂಡೈಗೆ ಕರೆದುಕೊಂಡು ಹೋಗುವವನಿದ್ದೇನೆ. ಅತ್ತೆಯ ಚೀಲ ಎರಡಿವೆ.